ಹಿಂದಿನ ಸಾಲಿನ ಕೂಗು

ಹೊಳೆನರಸೀಪುರ
7 ಜುಲೈ 2025

ಮನೋಹರ,

ಗುರುತು ಹೇಳಬೇಕಾದಷ್ಟು ವರ್ಷ ಆಗಿದೆ, ಅದಕ್ಕೇ ಹೇಳ್ತೀನಿ. ನಾನು ಆಚಾರಿ ಮಗ ಚಂದ್ರಮೌಳಿ. ಆಗ ಉಳಿ, ಕೊಡತಿ ಹೊತ್ತುಕೊಂಡು ಅಪ್ಪನ ಹಿಂದೆ ತಿರುಗ್ತಿದ್ದವನು. ಈಗ ಹಾಸನ ರಸ್ತೆಯಲ್ಲಿ ಪ್ಲೈವುಡ್ ಅಂಗಡಿ ಇಟ್ಟಿದ್ದೀನಿ. ತಲೆಗೂದಲು ಒಂದು ಬಿಟ್ಟು ಉಳಿದದ್ದೆಲ್ಲ ಹೆಚ್ಚಾಗಿದೆ. ಹೋದ ವಾರ ನಿನಗೆ ಫೋನ್ ಮಾಡಿದೆ. ಹೆಸರು ಹೇಳಿದೆ, ಕಟ್ ಆಯ್ತು. ಎರಡನೇ ಸಲಕ್ಕೆ ರಿಂಗೇ ಆಗಲಿಲ್ಲ. ಪೋಸ್ಟ್‌ಮ್ಯಾನನ್ನ ಬ್ಲಾಕ್ ಮಾಡೋ ಬಟನ್ ಇನ್ನೂ ಬಂದಿಲ್ಲ ಅಂತ ಈ ಕಾಗದ.

ವಿಷಯ ಇಷ್ಟೆ. ನಮ್ಮ ಹೊಳೆದಂಡೆ ಕ್ಲಬ್ಬು ಇನ್ನೂ ಇದೆ. ಗಂಡುಹುಡುಗರೆಲ್ಲ ಕ್ರಿಕೆಟ್ಟಿಗೆ ಹೋದರು. ಮೂರು ವರ್ಷದಿಂದ ಹೆಣ್ಣುಮಕ್ಕಳ ಫುಟ್‌ಬಾಲ್ ತಂಡ ನಡೆಸ್ತಿದ್ದೀನಿ. ಜೂನ್ ಮೊದಲನೇ ವಾರ ಒಂದು ಹುಡುಗಿ ಅಭ್ಯಾಸ ನೋಡೋಕೆ ಬಂದಳು. ಕಾಲೇಜಿಗೆ ಹೊಸದಾಗಿ ಸೇರಿದ್ದಾಳಂತೆ, ಸರ್ಕಾರಿ ಹಾಸ್ಟೆಲ್ಲಲ್ಲಿ ಇದ್ದಾಳಂತೆ.

"ಎಲ್ಲಿ ಆಡ್ತೀಯಮ್ಮ?" ಅಂದೆ.

"ಸ್ಟಾಪರ್, ಸಾ."

ನೀನು ನಿಲ್ಲುತ್ತಿದ್ದ ಜಾಗ. ಕೀಪರ್ ಮುಂದೆ, ಹಿಂದಿನ ಸಾಲಿನ ನಟ್ಟನಡುವೆ. "ಅಲ್ಲಿ ಈಗಾಗ್ಲೇ ಆಡೋರಿದ್ದಾರಲ್ಲವ್ವ" ಅಂದೆ.

"ಅರ್ಧ ಗಂಟೆಯಿಂದ ನೋಡ್ತಿದ್ದೀನಿ ಸಾ. ಅಲ್ಲಿ ಯಾರೂ ಆಡ್ತಿಲ್ಲ, ನಿಂತವ್ರೆ ಅಷ್ಟೆ."

ನಾನು ಲೆಕ್ಕದ ಮನುಷ್ಯ, ಲೆಕ್ಕದಲ್ಲೇ ಹೇಳ್ತೀನಿ ಕೇಳು. ಹೋದ ವರ್ಷ ಆರು ಪಂದ್ಯ, ತಿಂದ ಗೋಲು ಇಪ್ಪತ್ತೇಳು. ಚನ್ನರಾಯಪಟ್ಟಣದವರು ಒಂದೇ ಮಧ್ಯಾಹ್ನ ಒಂಬತ್ತು ಹೊಡೆದರು. ಒಂಬತ್ತನೆಯದಕ್ಕೆ ಅವರೂ ಕುಣಿಯಲಿಲ್ಲ, ಪಾಪ ಅನ್ನಿಸಿರಬೇಕು. ಈ ಹುಡುಗಿ ಬಂದಮೇಲೆ ನಾಲ್ಕು ಸ್ನೇಹಪಂದ್ಯ, ತಿಂದದ್ದು ಎರಡು. ಒಂದು ಪೆನಾಲ್ಟಿ, ಇನ್ನೊಂದಕ್ಕೆ ನಾಯಿ ಅಡ್ಡ ಬಂತು. ಹನ್ನೊಂದರಲ್ಲಿ ಹತ್ತು ಜನ ಹೋದ ವರ್ಷದವರೇ. ಬದಲಾದದ್ದು ಒಂದು ತಲೆ.

ಅವಳು ಜಾಸ್ತಿ ಓಡೋದೂ ಇಲ್ಲ ಕಣಯ್ಯ. ನಿಂತಲ್ಲಿಂದಲೇ ಹತ್ತು ಜನರನ್ನ ಓಡಿಸ್ತಾಳೆ. ಮೊದಲು ನಮ್ಮ ಹುಡುಗಿಯರು ಚೆಂಡು ಬಂದರೆ ಮದುವೆ ಮನೆಯಲ್ಲಿ ಮೊದಲ ಪಂಕ್ತಿಗೆ ನುಗ್ಗಿದ ಹಾಗೆ ಹಿಂದಿನ ಸಾಲಿನ ನಾಲ್ಕೂ ಜನ ಅಲ್ಲಿಗೇ. ಇಬ್ಬರ ನಡುವೆ ಬಿದ್ದರೆ ನೀನು ತಗೊ, ನೀನು ತಗೊ ಅಂತ ಉಪಚಾರ. ಈಗ ಹಿಂದಿನಿಂದ ಒಂದು ಕೂಗು ಬರುತ್ತೆ. "ನಂದು!" ಅಂದರೆ ಮಿಕ್ಕವರು ಸರೀತಾರೆ. "ಬಿಡು!" ಅಂದರೆ ಬಿಡ್ತಾರೆ. ಚೆಂಡು ಸಿಕ್ಕವಳು ಗಾಬರಿಯಾದರೆ "ಟೈಮಿದೆ ಕಣೇ, ಟೈಮಿದೆ" ಅಂತಾಳೆ. ಅದೊಂದು ಮಾತಿಗೆ ಹುಡುಗಿಯರ ಭುಜ ಕೆಳಗಿಳಿಯೋದು ನನಗೆ ಗೆರೆಯ ಆಚೆಯಿಂದ ಕಾಣುತ್ತೆ. ನಮ್ಮ ಕೀಪರ್ ಮಾನ್ಯ ಹೋದ ವರ್ಷ ಪಂದ್ಯಕ್ಕೆ ಇಪ್ಪತ್ತು ಸಲ ನೆಲಕ್ಕೆ ಬಿದ್ದು ಮೈಯೆಲ್ಲ ಕೆತ್ತಿಸಿಕೊಂಡು ಚಪ್ಪಾಳೆ ಗಿಟ್ಟಿಸ್ತಿದ್ದಳು. ಮೊನ್ನೆ ಬಂದು, "ಅಂಕಲ್, ಈಗ ನಂಗೆ ಕೈಗಿಂತ ಕಿವಿಗೇ ಕೆಲ್ಸ ಜಾಸ್ತಿ" ಅಂದಳು. ಮುಂದಿನ ಸಾಲಿಗೂ ಧೈರ್ಯ ಬಂದಿದೆ. ಹಿಂದೆ ತಿರುಗಿ ನೋಡೋದು ನಿಂತಿದೆ.

ನೋಡ್ತಾ ನೋಡ್ತಾ ಈ ಕೂಗನ್ನ ಎಲ್ಲೋ ಕೇಳಿದ್ದೀನಿ ಅನ್ನಿಸ್ತಿತ್ತು. ಜಿಲ್ಲಾ ಪಂದ್ಯಾವಳಿಗೆ ಹೆಸರು ಕೊಡೋ ದಿನ ಅವಳ ಅರ್ಜಿ ನೋಡಿದೆ. ಸಂಘಮಿತ್ರಾ. ತಂದೆ: ಮನೋಹರ ಕೆ., ದೈಹಿಕ ಶಿಕ್ಷಕ, ಅರಕಲಗೂಡು.

ಹದಿನೆಂಟು ತುಂಬೋಕೆ ಅವಳಿಗೆ ಇನ್ನೂ ನಾಲ್ಕು ತಿಂಗಳಿದೆ. ತಂದೆಯ ಸಹಿ ಬೇಕು, ಶಾಯಿಯಲ್ಲೇ ಬೇಕು. ನಮೂನೆ ಜೊತೆಗಿದೆ. ಮಗಳ ಕೈಯಲ್ಲೇ ಕಳಿಸಬಹುದಿತ್ತಲ್ಲ ಅಂತೀಯ. ಕಳಿಸಬಹುದಿತ್ತು. ಕಳಿಸಲಿಲ್ಲ.

ಇನ್ನೊಂದು ಮಾತು ನಾನೇ ಹೇಳಿಬಿಡೋದು ಒಳ್ಳೇದು. ನಮ್ಮ ಕ್ಯಾಪ್ಟನ್ ಧನ್ಯಾ, ಕುಮಾರನ ಮಗಳು. ಹೌದು, ಅದೇ ಕುಮಾರ. ಆಡೋ ನೆಲ ಈಗಲೂ ಅವರಪ್ಪ ರಾಮಣ್ಣ ಗೌಡರದ್ದೇ. ಕುಮಾರನ ಎಡಗಣ್ಣು ಹೋದಮೇಲೆ ನೀನು ಈ ಊರಿಗೆ ಕಾಲಿಟ್ಟಿಲ್ಲ. ನಿನ್ನ ಮಗಳು ಯಾರು ಅಂತ ಆ ಮನೆಯವರಿಗೆ ಗೊತ್ತಿಲ್ಲ. ನಾನು ಹೇಳಿಲ್ಲ.

ಸಹಿ ಮಾಡಿ ಕಳಿಸು.

ಚಂದ್ರಮೌಳಿ


ಅರಕಲಗೂಡು
14 ಜುಲೈ 2025

ಶ್ರೀ ಚಂದ್ರಮೌಳಿಯವರಿಗೆ,

ಸಹಿ ಮಾಡಿದ ನಮೂನೆ ಲಗತ್ತಿಸಿದ್ದೇನೆ.

ನಿಮ್ಮ ತಂಡ ಯಾವುದೆಂದು ಮಗಳು ಹೇಳಿದಾಗ ಬೇಡ ಎಂಬ ಮಾತು ಬಾಯಿಗೆ ಬಂದಿತ್ತು. ಕಾರಣ ಕೇಳುತ್ತಿದ್ದಳು. ಹೇಳಲು ಇಷ್ಟವಿರಲಿಲ್ಲ. ಅವಳಿಗೆ ಹಳೆಯದು ಏನೂ ಗೊತ್ತಿಲ್ಲ, ಗೊತ್ತಾಗುವುದೂ ಬೇಡ.

ಒಂದೇ ಷರತ್ತು. ಅವಳು ಆಡುವಾಗ ಕೂಗುತ್ತಾಳೆ. ನಾನೇ ಕಲಿಸಿದ್ದು. ಕೂಗಬೇಡ ಎಂದು ಯಾರಾದರೂ ಹೇಳಿದ ದಿನ ಅವಳು ಆ ತಂಡದಲ್ಲಿ ಇರುವುದಿಲ್ಲ. ನಾನೇ ಬಂದು ಕರೆದುಕೊಂಡು ಹೋಗುತ್ತೇನೆ.

ಮನೋಹರ ಕೆ.


ಹೊಳೆನರಸೀಪುರ
11 ಆಗಸ್ಟ್ 2025

ಮನೋಹರ,

ಮೊದಲು ಸಿಹಿ. ನಿಮ್ಮೂರಿನವರ ಮೇಲೆ ಒಂದು ಸೊನ್ನೆ. ನಿನ್ನೆ ಚನ್ನರಾಯಪಟ್ಟಣದವರ ಮೇಲೆ ಎರಡು ಸೊನ್ನೆ. ಹೋದ ವರ್ಷ ಒಂಬತ್ತು ಹೊಡೆದವರು ನಿನ್ನೆ ನಮ್ಮ ಗೋಲಿನ ಹತ್ತಿರಕ್ಕೆ ಬಂದದ್ದೇ ಮೂರು ಸಲ. ಎರಡು ಸಲ ನಿನ್ನ ಮಗಳು ಚೆಂಡು ತಗೊಂಡಳು. ಮೂರನೇ ಸಲ ಅವರ ಸ್ಟ್ರೈಕರ್ ಹುಡುಗಿ ಒಬ್ಬಳೇ ಓಡಿಬಂದಳು. ಸಂಘಮಿತ್ರಾ ಅಡ್ಡ ಬೀಳಲಿಲ್ಲ, ಮುಟ್ಟಲೂ ಇಲ್ಲ. ಹಿಂದೆ ಹಿಂದೆ ಸರಿಯುತ್ತಾ, ಮಾನ್ಯಳಿಗೆ "ಎಡಕ್ಕೆ ಬಾರೇ, ಎಡಕ್ಕೆ" ಅಂತ ಹೇಳುತ್ತಾ, ಆ ಹುಡುಗಿಯನ್ನ ಮೂಲೆಗೆ ಕರಕೊಂಡು ಹೋಗಿ ಬಿಟ್ಟಳು. ನೆಂಟರನ್ನ ಬಸ್‌ಸ್ಟ್ಯಾಂಡಿಗೆ ಬಿಟ್ಟುಬಂದ ಹಾಗೆ. ಚೆಂಡು ತಾನಾಗೇ ಗೆರೆ ದಾಟಿತು. ಇನ್ನೊಂದು ಪಂದ್ಯ ಗೆದ್ದರೆ ಹಾಸನದಲ್ಲಿ ಫೈನಲ್.

ಈಗ ಕಹಿ. ನಿನ್ನೆ ರಾಮಣ್ಣ ಗೌಡರು ಮೊಮ್ಮಗಳ ಆಟ ನೋಡೋಕೆ ಬಂದಿದ್ದರು. ಎಪ್ಪತ್ತೆಂಟಾದರೂ ಕಿವಿ ಚುರುಕು. ಗೆರೆ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಧನ್ಯಾ ಮುಂದೆ ಹೋದವಳು ವಾಪಸ್ ಬರೋದು ತಡ ಮಾಡಿದಳು. ಹಿಂದಿನಿಂದ ಬಂತು: "ಧನ್ಯಾ! ಫೋಟೋಗೆ ನಿಂತಿದ್ಯೇನೇ? ಎಂಟನೇ ನಂಬರ್ ಹಿಂದೆ ಹೋಗೇ!" ಧನ್ಯಾ ಓಡಿದಳು. ಗೌಡರು ಎದ್ದು ನಿಂತರು.

ಆಟ ಮುಗಿದಮೇಲೆ ನನ್ನನ್ನ ಕರೆದರು.

"ಏನ್ಲಾ ಮೌಳಿ, ಯಾವೂರ್ದ್ಲಾ ಅದು? ನನ್ನ ಮೊಮ್ಮಗಳ್ನ ಜೀತದಾಳ್ನ ಓಡ್ಸ್‌ದಂಗೆ ಓಡುಸ್ತದೆ?"

"ಅರಕಲಗೂಡು ಕಡೆ ಗೌಡ್ರೇ. ಮೇಷ್ಟ್ರ ಮಗಳು. ಆಟದಲ್ಲಿ ಹಂಗೇ..."

"ಯಾವ ಜನ?"

ನಾನು ನಿನ್ನ ಮಗಳ ಹೆಸರು ಹೇಳಿದೆ. ನೀನಿಟ್ಟ ಬೌದ್ಧ ಹೆಸರಲ್ಲೇ ಅವರಿಗೆ ಉತ್ತರ ಸಿಕ್ತು. "ಅಂಗೇಳು ಮತ್ತೆ" ಅಂದರು. "ಆಡ್ಲಿ, ಬ್ಯಾಡ ಅನ್ನಕಿಲ್ಲ. ನನ್ನ ನೆಲದ ಮ್ಯಾಲೆ ನನ್ನ ಮೊಮ್ಮಗಳ ಮ್ಯಾಲೆ ಬಾಯಿ ಮಾಡ್ಕಂಡಲ್ಲ. ಬಾಯಿ ಮುಚ್ಕಂಡು ಆಡಕ್ಕೇಳು."

ಮನೋಹರ, ನಿನ್ನ ಷರತ್ತು ನನಗೆ ನೆನಪಿದೆ. ಅವಳಿಗೆ ನಾನು ಏನೂ ಹೇಳಿಲ್ಲ. ಆದರೆ ಸ್ವಲ್ಪ ತಣ್ಣಗೆ ಯೋಚನೆ ಮಾಡು. ಗೌಡರು ಎಲ್ಲ ಪಂದ್ಯಕ್ಕೂ ಬರೋಲ್ಲ. ಬಂದ ದಿನ ಮಾತ್ರ, ಅವರು ಕೂತ ಕಡೆ ಮಾತ್ರ, ಕೊಂಚ ತಗ್ಗಿಸಿ ಕೂಗಿದರೆ ಸಾಕು. ಕೈಸನ್ನೆಯೂ ಮಾಡಬಹುದು. ಫೈನಲ್ಲು ಹಾಸನದಲ್ಲಿ, ಅಲ್ಲಿ ಎಷ್ಟು ಬೇಕಾದರೂ ಕೂಗಲಿ. ನೆಲ ಉಳಿಯುತ್ತೆ, ತಂಡ ಉಳಿಯುತ್ತೆ, ಅವಳ ಜಾಗವೂ ಉಳಿಯುತ್ತೆ. ಇದನ್ನ ನಾನು ಹೇಳೋದಕ್ಕಿಂತ ತಂದೆಯಾಗಿ ನೀನು ಒಂದು ಮಾತು ಹೇಳಿದರೆ ಅವಳಿಗೆ ನೋವಾಗೋಲ್ಲ.

ಚಂದ್ರಮೌಳಿ


ಅರಕಲಗೂಡು
16 ಆಗಸ್ಟ್ 2025

ಚಂದ್ರಮೌಳಿ,

'ಅವರು ಕೂತ ಕಡೆ ಮಾತ್ರ.' 'ಫೈನಲ್ಲಲ್ಲಿ ಎಷ್ಟು ಬೇಕಾದರೂ.' ಇಪ್ಪತ್ತೈದು ವರ್ಷವಾದರೂ ನಿನ್ನ ತಕ್ಕಡಿ ಬದಲಾಗಿಲ್ಲ.

ನೀನು ಮರೆತಿರಲಾರೆ. ಆದರೂ ಒಮ್ಮೆ ಬರೆದಿಡುತ್ತೇನೆ. ನಾನು ಇದನ್ನು ಯಾರಿಗೂ ಹೇಳಿಲ್ಲ, ನನ್ನ ಹೆಂಡತಿಗೂ.

2000ನೇ ಇಸವಿ ಡಿಸೆಂಬರ್. ಚನ್ನರಾಯಪಟ್ಟಣದಲ್ಲಿ ಸೆಮಿಫೈನಲ್. ಕುಮಾರ ಕೀಪರ್ ಮತ್ತು ಕ್ಯಾಪ್ಟನ್, ನಾನು ಸ್ಟಾಪರ್, ನೀನು ಮಧ್ಯದಲ್ಲಿ. ನಾನು ಹಿಂದಿನಿಂದ ಕೂಗುತ್ತಿದ್ದೆ. ಕುಮಾರನಿಗೂ ಕೂಗುತ್ತಿದ್ದೆ: "ಬಿಡು ಕುಮಾರ, ನಂದು." ಅವನಿಗೆ ಅದು ತಪ್ಪೆಂದು ಯಾವತ್ತೂ ಅನ್ನಿಸಿರಲಿಲ್ಲ. ಹೊರಗೆ ಅವರಪ್ಪ ನಿಂತಿದ್ದರು. ಅವರ ಗದ್ದೆಯಲ್ಲಿ ದುಡಿಯುವ ಕೆಂಚಯ್ಯನ ಮಗ ತಮ್ಮ ಮಗನಿಗೆ 'ಬಿಡು' ಅನ್ನುವುದನ್ನು ನಾಲ್ಕು ಊರಿನವರು ಕೇಳಿದರು.

ಫೈನಲ್ ಬೆಳಿಗ್ಗೆ ನೀನು ನನ್ನ ಹತ್ತಿರ ಬಂದೆ. ಹೆಗಲ ಮೇಲೆ ಕೈ ಹಾಕಿದೆ. "ಇವತ್ತೊಂದು ದಿನ ಕೂಗಬೇಡ ಕಣೋ. ಗೌಡ್ರು ಬೇಜಾರು ಮಾಡ್ಕೊಂಡವ್ರೆ. ನಿನ್ನ ಬದಲು ನಾನು ಮಧ್ಯದಿಂದ ಕೂಗ್ತೀನಿ" ಅಂದೆ. ನಿನ್ನ ಅಂಗಡಿಯ ಜಾಗಕ್ಕೆ ಅವರು ಜಾಮೀನು ನಿಂತ ತಿಂಗಳು ಅದು. ನನಗೆ ಗೊತ್ತಿತ್ತು. ಒಪ್ಪಿಕೊಂಡೆ.

ದ್ವಿತೀಯಾರ್ಧದಲ್ಲಿ ಎತ್ತರದ ಚೆಂಡು ಬಂತು. ನಾನು ಅದನ್ನೇ ನೋಡುತ್ತಾ ಹಿಂದಕ್ಕೆ ಓಡಿದೆ. ಕುಮಾರ ಅದನ್ನೇ ನೋಡುತ್ತಾ ಮುಂದಕ್ಕೆ ಬಂದ. ನನ್ನ ಬಾಯಿ ತೆರೆದಿತ್ತು, ಚಂದ್ರಮೌಳಿ. ತೆರೆದು ಮುಚ್ಚಿದೆ. ನೀನು ಮಧ್ಯದಿಂದ ಕೂಗಲಿಲ್ಲ. ನನ್ನ ಮೊಣಕೈ ಅವನ ಕಣ್ಣಿಗೆ ಬಿತ್ತು.

ಆಸ್ಪತ್ರೆಯಿಂದ ಬಂದಮೇಲೆ ಅವರ ಜಗಲಿಯಲ್ಲಿ ನ್ಯಾಯ ಸೇರಿತು. ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ದಿನಾ ಗಂಟಲು ಹರಿಯುವಂತೆ ಕೂಗುವವನು ಅವತ್ತು ಯಾಕೆ ಕೂಗಲಿಲ್ಲ? ಬೇಕೆಂದೇ ಹೊಡೆದ ಎನ್ನುವುದು ಅವರ ಲೆಕ್ಕ. ನಾನು ನಿನ್ನ ಮುಖ ನೋಡಿದೆ. ನೀನು ನಿನ್ನ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದೆ. ಅದು ಕಟ್ಟಿಯೇ ಇತ್ತು.

ನಾನು ಹೇಳಬಹುದಿತ್ತು. ನನ್ನ ಮಾತನ್ನು ನಂಬುವವರು ಅಲ್ಲಿ ಯಾರೂ ಇರಲಿಲ್ಲ. ನಿನ್ನ ಮಾತನ್ನು ನಂಬುತ್ತಿದ್ದರು. ಅಪ್ಪನನ್ನು ಕೆಲಸದಿಂದ ಬಿಡಿಸಿದರು. ಮೈಸೂರಿನ ಒಂದು ತಂಡದ ಆಯ್ಕೆಗೆ ನನಗೆ ಕರೆ ಬಂದಿತ್ತು, ಕ್ಲಬ್ಬಿನ ಪತ್ರ ಬೇಕಿತ್ತು. ಕ್ಲಬ್ಬಿನ ಕಾಗದಪತ್ರವೆಲ್ಲ ನಿನ್ನ ಕೈಯಲ್ಲಿತ್ತು. ನಾನು ಕೇಳಲಿಲ್ಲ, ನೀನು ಕೊಡಲಿಲ್ಲ.

ಈಗ ಅದೇ ಮಾತನ್ನು ನನ್ನ ಮಗಳಿಗೆ ನನ್ನ ಬಾಯಿಂದ ಹೇಳಿಸಲು ನೋಡುತ್ತಿದ್ದೀಯೆ. ಭಾನುವಾರ 24ಕ್ಕೆ ಬಂದು ಅವಳನ್ನು ಕರೆದುಕೊಂಡು ಬರುತ್ತೇನೆ. ಕಾಲೇಜು ಇರಲಿ, ಆಟ ಸಾಕು.

ಮನೋಹರ


ಹೊಳೆನರಸೀಪುರ
20 ಆಗಸ್ಟ್ 2025

ಮನೋಹರ,

24ಕ್ಕೆ ಬರಬೇಡ. ಒಂದೇ ಒಂದು ವಾರ ಕೊಡು, 31ರವರೆಗೆ. ಅಷ್ಟರಲ್ಲಿ ಅವಳಿಗೆ ಯಾರೂ ಏನೂ ಹೇಳೋಲ್ಲ. 31 ದಾಟಿ ನನ್ನಿಂದ ಕಾಗದ ಬರದಿದ್ದರೆ ಬಂದು ಕರಕೊಂಡು ಹೋಗು. ನಾನು ಎದುರಿಗೂ ಬರೋಲ್ಲ.

ನಿನ್ನ ಕಾಗದಕ್ಕೆ ಉತ್ತರ ಬರೆಯೋಕೆ ಮೂರು ಸಲ ಕೂತೆ. ನಾನು ಮಾತಿನಿಂದಲೇ ಮೇಲೆ ಬಂದವನು, ನಿನಗೆ ಗೊತ್ತು. ಒಂದು ಬಾಗಿಲು ಕೊಳ್ಳೋಕೆ ಬಂದವನಿಗೆ ಮನೆಗೆಲ್ಲ ಬಾಗಿಲು ಮಾರಿದವನು. ಮೂರು ಸಲವೂ ಬರೆದದ್ದನ್ನ ಓದಿ ನೋಡಿದರೆ ಮಾರಾಟದ ಮಾತಿನ ಹಾಗೇ ಇತ್ತು. ಹರಿದು ಹಾಕಿದೆ.

ದಾರದ ವಿಷಯ ನಿಜ. ಕಟ್ಟಿಯೇ ಇತ್ತು.

ಚಂದ್ರಮೌಳಿ


ಹೊಳೆನರಸೀಪುರ
2 ಸೆಪ್ಟೆಂಬರ್ 2025

ಮನೋಹರ,

ಭಾನುವಾರ ಬೆಳಿಗ್ಗೆ ಗೌಡರ ಮನೆಗೆ ಹೋದೆ. ಆದದ್ದನ್ನ ಆದ ಹಾಗೇ ಬರೀತೀನಿ. ಎಲ್ಲಾದರೂ ನನ್ನನ್ನ ನಾನು ದೊಡ್ಡವನು ಮಾಡಿಕೊಂಡಿದ್ದರೆ ಅದನ್ನ ಕಳೆದು ಓದಿಕೋ.

ಗೌಡರು ಜಗಲಿಯ ಮೇಲೆ ಕೂತಿದ್ದರು. ಕುಮಾರ ಅಂಗಳದಲ್ಲಿ ಕಾಯಿ ಸುಲೀತಿದ್ದ. ಒಂದು ಕಣ್ಣಿನವನಾದರೂ ಅವನ ಕೈ ತಪ್ಪೋಲ್ಲ. ಧನ್ಯಾ ಕಾಫಿ ತಂದಳು. ಕಾಫಿ ಮುಟ್ಟಿದರೆ ಮತ್ತೆ ಮಾತಾಡೋಕೆ ಆಗೋಲ್ಲ ಅನ್ನಿಸಿ ಲೋಟ ಕೆಳಗಿಟ್ಟೆ.

"ಗೌಡ್ರೇ, ಆ ಸ್ಟಾಪರ್ ಹುಡುಗಿ ಯಾರ ಮಗಳು ಗೊತ್ತಾ?"

"ಯಾರಾದ್ರೇನ್ಲಾ? ಬಾಯಿ ಮುಚ್ಚಿಸ್ದಾ ಇಲ್ವಾ?"

"ಮನೋಹರನ ಮಗಳು. ಕೆಂಚಯ್ಯನ ಮೊಮ್ಮಗಳು."

ಅಂಗಳದಲ್ಲಿ ಕಾಯಿ ಸುಲಿಯೋ ಸದ್ದು ನಿಂತಿತು. ಗೌಡರು ಕೋಲು ಹಿಡಿದು ಎದ್ದರು. "ನನ್ನ ಮಗನ ಕಣ್ಣು ಕಿತ್ತೋನ ಮಗಳ್ನ ತಂದು ನನ್ನ ನೆಲದಲ್ಲಿ ಆಡುಸ್ತಿದ್ದೀಯೇನ್ಲಾ ಆಚಾರಿ?"

"ಕಿತ್ತೋನು ಅವನಲ್ಲ ಗೌಡ್ರೇ. ಕೂಗಬೇಡ ಅಂತ ಅವತ್ತು ಬೆಳಿಗ್ಗೆ ಅವನಿಗೆ ಹೇಳಿದ್ದು ನಾನು. ಹೇಳು ಅಂತ ನನ್ನ ಕಳಿಸಿದ್ದು ನೀವು."

"ನಾನೇಳ್ದೆ ಅಂತ ನೀನು ಓಗಿ ಹೇಳ್ಬುಟ್ಯಾ?" ಅಂದರು. ನನಗೆ ನಗು ಬಂತು. ನಮ್ಮಿಬ್ಬರ ಬುದ್ಧಿ ಒಂದೇ ಅಚ್ಚು. ಇಪ್ಪತ್ತೈದು ವರ್ಷ ನಾನೂ ಮನಸ್ಸಿನಲ್ಲಿ ಅದನ್ನೇ ಅಂದುಕೊಂಡಿದ್ದೆ: ಅವರು ಹೇಳಿದರು, ನಾನು ತಲುಪಿಸಿದೆ, ಅಂಚೆಯವನ ಮೇಲೆ ಏನು ತಪ್ಪು ಅಂತ. ಅದನ್ನೂ ಹೇಳಿದೆ. "ಹೇಳ್ದೆ ಗೌಡ್ರೇ. ಅವನ ಬದಲು ನಾನು ಕೂಗ್ತೀನಿ ಅಂತಲೂ ಹೇಳ್ದೆ. ಕೂಗ್ಲಿಲ್ಲ. ಆಮೇಲೆ ಇದೇ ಜಗಲಿ ಮೇಲೆ ನ್ಯಾಯ ಸೇರಿದಾಗ ಬಾಯಿ ಬಿಡ್ಲಿಲ್ಲ."

ಕುಮಾರ ಹತ್ತಿರ ಬಂದ. ಕೈಯಲ್ಲಿ ಅರ್ಧ ಸುಲಿದ ಕಾಯಿ ಹಾಗೇ ಇತ್ತು.

"ಅವತ್ತು ಮನೋಹರ ನಂಗೆ ಕಾಣ್ತಿರ್ಲಿಲ್ಲ ಮೌಳಿ" ಅಂದ. "ಚೆಂಡೊಂದೇ ಕಾಣ್ತಿತ್ತು. ಎರಡು ವರ್ಷ ನಾವು ಆಡಿದ್ದೇ ಹಂಗೆ. ಅವನು ಕೂಗಿದ್ರೆ ಅವನ್ದು, ಸುಮ್ನಿದ್ರೆ ನಂದು. ಅವನು ಸುಮ್ನಿದ್ದ. ಅದ್ಕೇ ನಾನು ಹೊರಟೆ."

ಕಾಯಿಯನ್ನ ಜಗಲಿಯ ಮೇಲಿಟ್ಟ.

"ನಾನು ಅವನಿಗೆ ಏನು ಮಾಡಿದ್ದೆ ಅಂತ ಇಪ್ಪತ್ತೈದು ವರ್ಷ ಯೋಚ್ನೆ ಮಾಡಿದ್ದೀನಿ. ಯಾವತ್ತಾದ್ರೂ ಬೈದಿದ್ನಾ, ನೀರು ಕೊಡದೇ ಇದ್ನಾ ಅಂತ. ನೀನು ವಾರಕ್ಕೆರಡು ಸಲ ನಮ್ಮನೆಗೆ ಬರ್ತಿದ್ದೆ. ಇಲ್ಲೇ ಕೂತು ಕಾಫಿ ಕುಡೀತಿದ್ದೆ."

ಅಷ್ಟೇ ಅಂದದ್ದು. ಒಳಗೆ ಹೋದ. ಅವನು ಬೈದಿದ್ದರೆ ನಾನು ತಡಕೊಳ್ತಿದ್ದೆ.

ಧನ್ಯಾ ಅಲ್ಲೇ ನಿಂತಿದ್ದಳು. ತಾತನ ಕಡೆ ತಿರುಗಿ, "ತಾತ, ಆಡೋವಾಗ ನಂಗೆ ಬೆನ್ನ ಹಿಂದೆ ಏನಿದೆ ಅಂತ ಕಾಣಲ್ಲ. ಅವಳಿಗೆ ಕಾಣುತ್ತೆ, ಹೇಳ್ತಾಳೆ. ಅದಕ್ಕೆ ಜೀತ ಅಂತಾರಾ?" ಅಂದಳು. "ಸುಮ್ಕಿರವ್ವ, ನಿಂಗೇನ್ ಗೊತ್ತಾಯ್ತದೆ" ಅಂದರು ಗೌಡರು. "ಅವಳು ಕೂಗ್ದಿದ್ರೆ ನಾನು ಆಡಲ್ಲ" ಅಂದಳು. ಮುದುಕರು ಅವಳಿಗೆ ಉತ್ತರ ಕೊಡದೆ ನನಗೆ ಕೊಟ್ಟರು: "ನಾಳೆಯಿಂದ ಆ ನೆಲಕ್ಕೆ ಜ್ವಾಳ ಹಾಕುಸ್ತೀನಿ. ನಿನ್ನ ಕ್ಲಬ್ಬು ತಗಂಡೋಗಿ ಹೊಳೇಲಿ ಬುಡು."

ಹಾಕಿಸಿಯೂ ಬಿಟ್ಟರು. ನಿನ್ನೆ ಬೆಳಿಗ್ಗೆ ಟ್ರ್ಯಾಕ್ಟರ್ ಗೋಲುಕಂಬ ಕಿತ್ತು ಬದಿಗೆ ಹಾಕಿ ಒಂದೇ ಸಮ ಉತ್ತುಬಿಟ್ಟಿತು. ಅವರ ಕಡೆಯವರು ನನ್ನ ಅಂಗಡಿ ಮುಂದೆ ಮುಖ ತಿರುಗಿಸಿಕೊಂಡು ಹೋಗ್ತಾರೆ. ಹೋಗಲಿ. ಇವತ್ತು ಬೆಳಿಗ್ಗೆ ಆರಕ್ಕೆ ಕಾಲೇಜಿನ ಹಿಂದಿನ ಬಯಲಲ್ಲಿ ಅಭ್ಯಾಸ ಮಾಡಿಸಿದೆ. ಕಲ್ಲು, ಮುಳ್ಳು. ಹನ್ನೊಂದೂ ಹುಡುಗಿಯರು ಬಂದಿದ್ದರು, ಧನ್ಯಾನೂ ಬಂದಿದ್ದಳು. ನಿನ್ನ ಮಗಳ ಕೂಗಿಗೆ ಹಾಸ್ಟೆಲ್ಲಿನ ಕಿಟಕಿಗಳು ತೆರೆದುಕೊಂಡವು. ಯಾರೋ ಬೈದರು. ಅವಳು ನಿಲ್ಲಿಸಲಿಲ್ಲ.

ಅವಳಿಗೆ ಹಳೇದನ್ನ ನಾನು ಹೇಳಿಲ್ಲ. ಧನ್ಯಾಗೂ ಹೇಳಬೇಡ ಅಂದಿದ್ದೀನಿ. ಅದು ನೀನು ಹೇಳಬೇಕಾದ್ದು.

ನನಗೆ ನಿನ್ನಿಂದ ಏನೂ ಬೇಡ. ಇದನ್ನ ಬರೆಯೋವಾಗ ನನ್ನೊಳಗಿನ ವ್ಯಾಪಾರಿ ಬೇಕು ಬೇಕು ಅಂತಲೇ ಇದ್ದಾನೆ, ಆದರೂ ಬೇಡ. ಅವಳನ್ನ ಆಡೋಕೆ ಬಿಡು. ಸೆಮಿಫೈನಲ್ 14ಕ್ಕೆ. ಗೆದ್ದರೆ 28ಕ್ಕೆ ಭಾನುವಾರ ಹಾಸನದ ಜಿಲ್ಲಾ ಕ್ರೀಡಾಂಗಣ, ಮಧ್ಯಾಹ್ನ ಮೂರು ಗಂಟೆ.

ಚಂದ್ರಮೌಳಿ


ಅರಕಲಗೂಡು
30 ಸೆಪ್ಟೆಂಬರ್ 2025

ಚಂದ್ರಮೌಳಿ,

ನಿನ್ನ ಕಾಗದ ಬಂದು ನಾಲ್ಕು ವಾರವಾಯಿತು. ಕೂಡಲೇ ಬರೆಯಲು ಆಗಲಿಲ್ಲ. ಬರೆದಿದ್ದರೆ ಕೆಟ್ಟದಾಗಿ ಬರೆಯುತ್ತಿದ್ದೆ. ಗೌಡರ ಎದುರು ನೀನು ಹೇಳಿದ್ದು ಸರಿ, ಆದರೆ ಅದನ್ನು ಹೇಳಿದ್ದಕ್ಕೆ ನಿನ್ನನ್ನು ಹೊಗಳಲು ನನಗೆ ಸಾಧ್ಯವಿಲ್ಲ. ನಮ್ಮಪ್ಪ ಕೇಳಿಸಿಕೊಳ್ಳಬೇಕಾಗಿದ್ದ ಮಾತು ಅದು. ಅವನು ಸತ್ತು ಒಂಬತ್ತು ವರ್ಷವಾಯಿತು.

ಮಗಳಿಗೆ ಹೇಳಿದೆ. ಎಲ್ಲ ಕೇಳಿಸಿಕೊಂಡು, "ಅದಕ್ಕೇನಪ್ಪಾ ನೀನು ಸೀಟಿ ಊದೋದು?" ಅಂದಳು. ಅಲ್ಲಿಯವರೆಗೆ ನನಗೇ ಅದು ಹೊಳೆದಿರಲಿಲ್ಲ. ಹತ್ತೊಂಬತ್ತು ವರ್ಷದಿಂದ ಮೇಷ್ಟರಾಗಿದ್ದೇನೆ. ಒಂದು ಮಗುವಿಗೂ ಮೈದಾನದಲ್ಲಿ ಕೂಗಿ ಹೇಳಿದವನಲ್ಲ. ಕೂಗಿ ಎಂದು ಕಲಿಸುತ್ತೇನೆ, ಕೂಗಿ ತೋರಿಸುವುದಿಲ್ಲ. ಸೀಟಿ ಊದುತ್ತೇನೆ, ಬೋರ್ಡಿನ ಮೇಲೆ ಬರೆಯುತ್ತೇನೆ. ಮಗಳಿಗೂ ಹಾಗೆಯೇ ಕಲಿಸಿದ್ದು. ದನಿ ಎತ್ತಿದರೆ ಕುಮಾರನ ಮುಖ ಎದುರು ಬರುತ್ತಿತ್ತು.

ನಾನು ಭಾನುವಾರ ಹಾಸನಕ್ಕೆ ಬಂದಿದ್ದೆ. ನಿನಗೆ ಕಾಣಿಸಿಕೊಳ್ಳಬಾರದೆಂದು ನಿಮ್ಮ ಗೋಲಿನ ಹಿಂದೆ, ಜನರ ನಡುವೆ ನಿಂತಿದ್ದೆ. ನೀನು ಗೆರೆಯುದ್ದಕ್ಕೂ ಆ ಕಡೆ ಈ ಕಡೆ ನಡೆದು ನಡೆದು ನೆಲ ಸವೆಸುತ್ತಿದ್ದೆ. ನಿನ್ನ ಎದುರಿನ ಬದಿಯಲ್ಲಿ ಕುಮಾರನನ್ನು ನೋಡಿದೆ. ಒಬ್ಬನೇ ಬಂದಿದ್ದ. ತಲೆ ಸ್ವಲ್ಪ ಎಡಕ್ಕೆ ತಿರುಗಿಸಿ ಇಟ್ಟುಕೊಂಡು ನೋಡುತ್ತಾನೆ ಈಗ.

ಆಟದ ಬಗ್ಗೆ ನಿನಗೆ ಹೇಳುವುದೇನಿದೆ. ಹಾಸನದವರು ನಿಮ್ಮವರಿಗಿಂತ ಬಲವಾದ ತಂಡ. ಹೋದ ವರ್ಷವಾಗಿದ್ದರೆ ಏಳೆಂಟು ಹೊಡೆಯುತ್ತಿದ್ದರು. ಮೊನ್ನೆ ತೊಂಬತ್ತು ನಿಮಿಷ ಬಡಿದರೂ ಬಾಗಿಲು ತೆರೆಯಲಿಲ್ಲ. ಟೈಬ್ರೇಕರಿನಲ್ಲಿ ಸೋತದ್ದಕ್ಕೆ ಹುಡುಗಿಯರು ಅತ್ತರು. ಪೆನಾಲ್ಟಿಯಲ್ಲಿ ಕೀಪರಿನ ಮುಂದೆ ಯಾರೂ ನಿಲ್ಲುವಂತಿಲ್ಲ, ಅದು ಬೇರೆಯೇ ಆಟ. ನನ್ನ ಮಗಳು ಮಾನ್ಯಳನ್ನು ತಬ್ಬಿಕೊಂಡು ಏನೋ ಹೇಳುತ್ತಿದ್ದಳು. ಮೈದಾನದಲ್ಲಿ ಅವಳು ಮೆತ್ತಗೆ ಮಾತಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆದರೆ ನಾನು ಬರೆಯಲು ಕೂತದ್ದು ಎಪ್ಪತ್ತನೇ ನಿಮಿಷದ್ದು. ಹಾಸನದವರು ಮಧ್ಯದಿಂದ ಎತ್ತರಕ್ಕೆ ಒದ್ದರು. ಚೆಂಡು ಸಂಘಮಿತ್ರಾಳ ತಲೆ ದಾಟಿತು. ಅವಳು ಅದನ್ನೇ ನೋಡುತ್ತಾ ಹಿಂದಕ್ಕೆ ಓಡಿಬಂದಳು. ಮಾನ್ಯ ಅದನ್ನೇ ನೋಡುತ್ತಾ ಮುಂದಕ್ಕೆ ಬಂದಳು. ನನ್ನಿಂದ ಹತ್ತು ಗಜ. ಅದೇ ಚೆಂಡು, ಚಂದ್ರಮೌಳಿ.

"ಬಿಡು! ಕೀಪರ್‌ದು!"

ಕೂಗಿದ್ದು ನಾನು. ಪಕ್ಕದಲ್ಲಿದ್ದವರು ಬೆಚ್ಚಿ ಸರಿದರು. ಅದೇ ಕ್ಷಣಕ್ಕೆ ನನ್ನ ಮಗಳು "ಮಾನ್ಯ, ನಿಂದು!" ಎಂದು ಕೂಗಿ ತಲೆ ತಗ್ಗಿಸಿ ಪಕ್ಕಕ್ಕೆ ಹೊರಳಿಯಾಗಿತ್ತು. ಅವಳಿಗೆ ನನ್ನ ಕೂಗು ಬೇಕಿರಲಿಲ್ಲ. ಅವಳಿಗೆ ಕೇಳಿಸಿತೋ ಇಲ್ಲವೋ, ನಾನು ಕೇಳಿಲ್ಲ. ಮಾನ್ಯ ಚೆಂಡನ್ನು ಎದೆಗೆ ಅವಚಿಕೊಂಡು ಎದ್ದಳು. ಇಬ್ಬರಿಗೂ ಒಂದು ಗೀರೂ ಆಗಿರಲಿಲ್ಲ.

ಆಗ ಎದುರಿನ ಬದಿಗೆ ನೋಡಿದೆ. ಎಲ್ಲರೂ ಚೆಂಡು ಹೋದ ಕಡೆ ತಿರುಗಿದ್ದರು. ಕುಮಾರ ಒಬ್ಬ ಚೆಂಡು ಬಿಟ್ಟು ಗೋಲಿನ ಹಿಂದಿನ ಜನರ ಕಡೆ ನೋಡುತ್ತಿದ್ದ. ಮುಖವನ್ನು ಅತ್ತಿತ್ತ ತಿರುಗಿಸಿ ಹುಡುಕುತ್ತಿದ್ದ. ಅವನಿಗೆ ನಾನು ಕಾಣಲು ಸ್ವಲ್ಪ ಹೊತ್ತಾಯಿತು. ನಾನು ಸರಿದು ಹೋಗಬಹುದಿತ್ತು. ನಿಂತೆ.

ಕಂಡಮೇಲೆ ಅವನು ಕೈ ಎತ್ತಿದ. ಕೀಪರುಗಳು ಚೆಂಡು ಹಿಡಿದಮೇಲೆ ಸ್ಟಾಪರಿಗೆ ಎತ್ತುತ್ತಾರಲ್ಲ, ಹಾಗೆ. ನಾನೂ ಎತ್ತಿದೆ.

ಮನೋಹರ